ಬೀಳುತ್ತಿರುವ ಎಲೆ ಬಿಡಿಸುವುದು ಹೇಗೆ? ನನ್ನದು ಕಾಗದಕ್ಕೇ ಅಂಟಿಕೊಳ್ಳುತ್ತದೆ

ಶಾಂತಲಾ, ಘಾಟ್ಕೋಪರ್:

ನಮ್ಮ ಸೊಸೈಟಿ ಗೇಟಿನ ಪಕ್ಕ ಒಂದು ಬಾದಾಮಿ ಮರ ಇದೆ. ಡ್ರೈಫ್ರೂಟ್ ಬಾದಾಮಿ ಅಲ್ಲ, ಮುಂಬಯಿಯ ರಸ್ತೆಬದಿಗಳಲ್ಲಿ ಕಾಣುವ ದೊಡ್ಡೆಲೆಯ ಕಾಡುಬಾದಾಮಿ. ಜನವರಿ ಬಂತೆಂದರೆ ಎಲೆ ಕೆಂಪಾಗಿ ಉದುರಲು ಶುರು. ವಾಚ್‌ಮನ್ ಗುಡಿಸುವ ಮೊದಲೇ ಒಂದೆರಡು ಎತ್ತಿ ತಂದು ವಾಟರ್‌ಕಲರ್‌ನಲ್ಲಿ ಬಿಡಿಸುತ್ತೇನೆ. ಎಲೆಯ ಆಕಾರ ಬರುತ್ತದೆ, ನರಗಳೂ ಬರುತ್ತವೆ, ಬೀಳುವುದು ಮಾತ್ರ ಬರುವುದಿಲ್ಲ. ತಾರಸಿಯಲ್ಲಿ ಹಪ್ಪಳ ಒಣಹಾಕಿದ ಹಾಗೆ ಕಾಣುತ್ತದೆ. ಹಿಂದೆ ಎರಡು ಬಾಗಿದ ಗೆರೆ ಎಳೆದರೆ ಮಗಳು "ಅಮ್ಮಾ, ಇದು ಕಾರ್ಟೂನ್" ಅನ್ನುತ್ತಾಳೆ. ಯೂಟ್ಯೂಬ್‌ನಲ್ಲಿ ಹುಡುಕಿದರೆ ಬರೀ ಮೇಪಲ್ ಎಲೆ. ಗೊತ್ತಿದ್ದವರು ಹೇಳಿ.

ಡ್ರಾಯಿಂಗ್ ಮಾಸ್ತರ್, ಭಾಂಡುಪ್:

ಮಗಳು ಹೇಳಿದ್ದು ಸರಿ ಉಂಟು, ಆ ಗೆರೆ ಅಳಿಸಿ. ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಚಿತ್ರ ಕಲಿಸಿ ನಿವೃತ್ತನಾದವನು. ಚಿತ್ರಕಲೆಯ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಗ್ರೇಡ್ ಪರೀಕ್ಷೆಗೆ ಕೂರುವ ಮಕ್ಕಳದ್ದೂ ಇದೇ ಕತೆ. ಎಲೆಯನ್ನು ಮೇಜಿನ ಮೇಲೆ ಚಪ್ಪಟೆ ಇಟ್ಟು, ಮೇಲಿನಿಂದ ನೋಡಿ ಬಿಡಿಸುತ್ತಾರೆ. ಬೀಳುವ ಎಲೆಯನ್ನು ಹಾಗೆ ಕಂಡವರು ಯಾರು ಮಾರಾಯ್ರೆ?

ಕಿಟಕಿಯ ಗ್ರಿಲ್ಲಿಗೆ ಹೊಲಿಗೆ ದಾರ ಕಟ್ಟಿ ಎಲೆಯನ್ನು ಕಣ್ಣಿನ ಮಟ್ಟಕ್ಕೆ ತೂಗುಹಾಕಿ. ತೊಟ್ಟಿಗೆ ಕಟ್ಟಬೇಡಿ, ನೇಣು ಹಾಕಿದಂತೆ ನೆಟ್ಟಗೆ ಜೋತುಬೀಳುತ್ತದೆ. ನಡುನರದ ಮಧ್ಯದಲ್ಲಿ ಸೂಜಿ ಹಾಯಿಸಿ. ಬಾದಾಮಿ ಎಲೆ ತೊಟ್ಟಿನ ಹತ್ತಿರ ಕಿರಿದು, ತುದಿಯ ಕಡೆ ಅಗಲ, ಹಾಗಾಗಿ ತುದಿ ಕೆಳಗೆ ಬಾಗಿ ತಾನೇ ಓರೆಯಾಗುತ್ತದೆ. ಈಗ ನಡುನರ ಮಾತ್ರ ಒಂದೇ ಎಳೆತದಲ್ಲಿ ಬಿಡಿಸಿ. ಅದು ಬಾಗಿದ್ದರೆ ಅರ್ಧ ಕೆಲಸ ಆಯಿತು. ಆಮೇಲೆ ಅಂಚು. ನಿಮ್ಮ ಕಡೆಗಿರುವ ಅರ್ಧ ಅಗಲವಾಗಿ ಕಾಣುತ್ತದೆ, ಆಚೆಯ ಅರ್ಧ ಒಂದು ಪಟ್ಟಿಯಷ್ಟೇ. ಎರಡನ್ನೂ ಸಮ ಮಾಡಲು ಕೈ ತುರಿಸುತ್ತದೆ, ಮಾಡಬೇಡಿ. ಎಲ್ಲೋ ಒಂದು ಕಡೆ ಅಂಚು ಮಡಚಿ ಎಲೆಯ ಬೆನ್ನು ಕಾಣಲಿ. ಬೆನ್ನಿನ ಬಣ್ಣ ಮಂಕು, ಅಲ್ಲಿ ನರಗಳು ಉಬ್ಬಿರುತ್ತವೆ.

ಇನ್ನು ನೆರಳು. ಎಲೆಗೆ ತಾಗಿಕೊಂಡು ನೆರಳು ಹಾಕಿದಿರೋ, ಎಲೆ ನೆಲಕ್ಕೆ ಬಿತ್ತು ಅಂತಲೇ ಲೆಕ್ಕ. ನೆರಳನ್ನು ಕೆಳಗೆ, ದೂರಕ್ಕೆ ಸರಿಸಿ, ನಡುವೆ ಖಾಲಿ ಕಾಗದ ಬಿಡಿ. ಆ ಖಾಲಿ ಜಾಗದಲ್ಲಿ ಏನೂ ಮಾಡಬಾರದು, ಕೈ ಕಟ್ಟಿ ಕೂತುಕೊಳ್ಳಿ.

ನಮ್ಮ ಉಡುಪಿ ಕಡೆಯ ಕಟ್ಟಿಂಗೇರಿಯಿಂದ ಬಂದು ಇಲ್ಲಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಚಿತ್ರಕಾರ ಕೆ.ಕೆ. ಹೆಬ್ಬಾರರು (1911–1996) ಲಯ ತಿಳಿಯಲಿಕ್ಕೆಂದೇ ಕಥಕ್ ಕಲಿತವರು. ಅವರ ನರ್ತಕರ ರೇಖಾಚಿತ್ರ ನೋಡಿ. ಅಲ್ಲಿ ಚಲನೆ ತೋರಿಸಲು ಬೇರೆ ಗೆರೆ ಇಲ್ಲ, ಮೈಯ ಗೆರೆಯೇ ಓಡುತ್ತದೆ.

ಕೋಥ್ರೂಡ್ ಹುಡುಗ, ಪುಣೆ (ಮೂಲ ಧಾರವಾಡ):

ಅಕ್ಕಾರ, ಮಾಸ್ತರು ಹೇಳಿದ್ದು ಖರೇ. ನಂದೂ ಒಂದು ಸೇರಿಸ್ತೀನ್ರಿ. ಮೊಬೈಲ್‌ನಾಗ ಸ್ಲೋ ಮೋಷನ್ ಹಚ್ಚಿ, ಮನಿಯವರಿಗೆ ಎತ್ತರದಿಂದ ಎಲಿ ಬಿಡಾಕ ಹೇಳ್ರಿ. ಎಲಿ ಎಡಕ್ಕ ಜಾರಿ, ಒಂದು ಗಳಿಗಿ ನಿಂತಂಗಾಗಿ, ಬಲಕ್ಕ ಜಾರತದ. ಹೊಳ್ಳೋ ಆ ಜಾಗಾದಾಗ ಅದು ಭಾಳ ಓರೆ ಇರತದ, ನಡುವ ಜಾರುವಾಗ ಹೆಚ್ಚೂಕಡಿಮಿ ಅಡ್ಡ. ನೀವು ಹೊಳ್ಳೋ ಜಾಗಾ ಹಿಡೀರಿ. ಇದೇನು ಹೊಸ ವಿಚಾರ ಅಲ್ರಿ, ಕಾಗದದ ಚೂರು ಬೀಳೋದರ ಮ್ಯಾಲ 1854ರಾಗನ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಲೇಖನ ಬರದಾರ.

ನೆರಳಿಗೂ ಒಂದು ಲೆಕ್ಕ ಐತಿ. ಆಕಾಶದಾಗ ಸೂರ್ಯ ಸುಮಾರು ಅರ್ಧ ಡಿಗ್ರಿ ಅಗಲ ಕಾಣತಾನ. ಅದಕ್ಕ ನೆತ್ತಿ ಬಿಸಿಲಿನಾಗ ಎಲಿ ನೆಲದಿಂದ 1 ಮೀಟರ್ ಮ್ಯಾಲಿದ್ರ ನೆರಳಿನ ಅಂಚು ಹತ್ರತ್ರ 1 ಸೆಂ.ಮೀ. ಮಸುಕು, 2 ಮೀಟರ್ ಇದ್ರ 2 ಸೆಂ.ಮೀ. ಎಲಿ ಎಷ್ಟು ಮ್ಯಾಲೋ ಅಂಚು ಅಷ್ಟು ಮೆತ್ತಗ.

ಶಾಂತಲಾ, ಘಾಟ್ಕೋಪರ್:

ದಾರ ಕಟ್ಟಿ ನೋಡಿದೆ. ಫ್ಯಾನ್ ಹಾಕಿದರೆ ಗಿರಗಿರ ಸುತ್ತುತ್ತದೆ, ಆರಿಸಿದರೆ ನಾನು ಬೆವರುತ್ತೇನೆ! ಆದರೂ ನಡುನರ ಬಾಗಿಸಿದ ಕೂಡಲೇ ಚಿತ್ರದ ಕಳೆಯೇ ಬದಲಾಯಿತು ಮಾಸ್ತರೇ. ಈಗ ಬಣ್ಣದ ತಾಪತ್ರಯ. ಒಂದೇ ಎಲೆಯಲ್ಲಿ ಕೆಂಪು, ಹಳದಿ, ಅಲ್ಲಲ್ಲಿ ಉಳಿದ ಹಸಿರು. ಸೇರಿಸಲು ಹೋದರೆ ಕೆಸರು.

ಡ್ರಾಯಿಂಗ್ ಮಾಸ್ತರ್, ಭಾಂಡುಪ್:

ಫ್ಯಾನ್ ಆರಿಸಿ, ಬೆವರಿ. ಚಿತ್ರ ಪುಕ್ಕಟೆ ಬರುವುದಿಲ್ಲ.

ಕೆಂಪೂ ಹಸಿರೂ ಸೇರಿದರೆ ಕಂದು ಆಗಿಯೇ ಆಗುತ್ತದೆ, ಅದು ನಿಮ್ಮ ಕೈಯ ದೋಷ ಅಲ್ಲ. ಎರಡರ ನಡುವೆ ಹಳದಿಯನ್ನು ಕಾವಲಿಗೆ ನಿಲ್ಲಿಸಿ. ಮೊದಲು ಎಲೆ ಪೂರ್ತಿ ತೆಳು ಹಳದಿ, ಗ್ಯಾಂಬೋಜ್ ಎಂಬ ಹಳದಿ ಇದ್ದರೆ ಅದು. ಅದು ಒದ್ದೆ ಇರುವಾಗಲೇ ಒಂದು ಬದಿಯಿಂದ ಕ್ರಿಮ್ಸನ್ ಕೆಂಪು ಬಿಡಿ, ತಾನೇ ಹರಡಲಿ. ಕುಂಚದಿಂದ ತಿಕ್ಕಬೇಡಿ. ಹಸಿರು ಕೊನೆಗೆ, ಹಳದಿ ಒಣಗಿದ ಮೇಲೆ, ನರದ ಪಕ್ಕದಲ್ಲಿ ಸ್ವಲ್ಪವೇ. ಮರವೂ ಹೀಗೇ ಮಾಡುತ್ತದೆ ನೋಡಿ. ಹಸಿರು ಕರಗಿದಾಗ ಅಡಿಯಲ್ಲಿ ಮೊದಲೇ ಇದ್ದ ಹಳದಿ ಕಾಣುತ್ತದೆ, ಕೆಂಪನ್ನು ಮಾತ್ರ ಮುದಿ ಎಲೆ ಹೊಸದಾಗಿ ತಯಾರಿಸಿಕೊಳ್ಳುತ್ತದೆ.

ನರಗಳನ್ನು ಕಪ್ಪಿನಲ್ಲಿ ಬರೆಯಬೇಡಿ, ದಯವಿಟ್ಟು. ಬಣ್ಣ ಅರೆ ಒಣಗಿದಾಗ ಕುಂಚದ ಹಿಡಿಯ ತುದಿಯಿಂದ ಗೀರಿದರೆ ಸಾಕು. ಕೆಳಮುಖ ಅಂಚು ಖಚಿತವಾಗಿರಲಿ, ಮೇಲಿನ ಅಂಚನ್ನು ಒದ್ದೆ ಕುಂಚ ಸವರಿ ಅಲ್ಲಲ್ಲಿ ಕರಗಿಸಿ. ಕಾಗದ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪದ್ದು ತನ್ನಿ, ತೆಳು ಕಾಗದ ಇಷ್ಟು ನೀರಿಗೆ ಸುಕ್ಕಾಗುತ್ತದೆ. ಜುಲೈನಲ್ಲಿ ಕೂತರೆ ಬಣ್ಣ ಒಣಗುವುದೇ ಇಲ್ಲ, ಈಗಲೇ ಮುಗಿಸಿ. ಬಿಡಿಸಿದ್ದನ್ನು ಇಲ್ಲಿ ಹಾಕಿ, ಮಗಳು ಏನೆಂದಳೋ ಅದನ್ನೂ ಬರೆಯಿರಿ.