ಕೆಲಸ ಬಿಡದೆ ಹುಬ್ಬಳ್ಳಿಯಲ್ಲಿ ಎಲ್‌ಎಲ್‌ಬಿ: ಈ ಮುಚ್ಚಳಿಕೆಗೆ ಸಹಿ ಹಾಕಲಾ?

ಮಲಪ್ರಭಾ:

ಎಲ್ಲರಿಗೂ ನಮಸ್ಕಾರ. ನಮ್ಮೂರು ನವಲಗುಂದ. ಹುಬ್ಬಳ್ಳಿಯ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ, ದಿನಾ ಬಸ್ಸಿನಲ್ಲಿ ಓಡಾಟ. ಜಿಎಸ್‌ಟಿ ರಿಟರ್ನ್ ನನ್ನ ಕೈಯಲ್ಲೇ ಇರುವುದರಿಂದ ತಿಂಗಳ 11 ಮತ್ತು 20ನೇ ತಾರೀಖು ಹತ್ತಿರ ಬಂತೆಂದರೆ ತಲೆ ಎತ್ತಲು ಪುರಸೊತ್ತಿಲ್ಲ. ವ್ಯಾಪಾರಿಗಳಿಗೆ ನೋಟಿಸ್ ಬಂದರೆ ಉತ್ತರ ತಯಾರು ಮಾಡುವವಳು ನಾನು. ಮುಂದೆ ಹೋಗಿ ವಾದ ಮಾಡಿ ಫೀಸು ತಗೊಳ್ಳುವವರು ಬೇರೆಯವರು. ಅದಕ್ಕೇ ಮೂರು ವರ್ಷದ ಎಲ್‌ಎಲ್‌ಬಿ ಮಾಡಿಯೇ ಬಿಡೋಣ ಅಂತ ಹೊರಟಿದ್ದೇನೆ. ಬಿ.ಕಾಂ.ನಲ್ಲಿ 58 ಪರ್ಸೆಂಟ್ ಇದೆ. ವಯಸ್ಸು 33.

ಹುಬ್ಬಳ್ಳಿಯ ಒಂದು ಕಾಲೇಜಿನಿಂದ ಅರ್ಜಿ ತಂದೆ. ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲೇ ಬರುವ ಕಾಲೇಜು. ಅರ್ಜಿ ಜೊತೆ ಒಂದು ಮುಚ್ಚಳಿಕೆ ಪತ್ರ ಕೊಟ್ಟಿದ್ದಾರೆ. ನಾನು ಎಲ್ಲೂ ನೌಕರಿಯಲ್ಲಿಲ್ಲ, ಇದ್ದರೆ ಮಾಲೀಕರ ಒಪ್ಪಿಗೆ ಪತ್ರ ಲಗತ್ತಿಸಿದ್ದೇನೆ ಅಂತ ಒಂದು ಸಾಲು. ನನ್ನ ಮೇಲೆ ಕ್ರಿಮಿನಲ್ ಕೇಸ್ ಇಲ್ಲ ಅಂತ ಇನ್ನೊಂದು. ಬೇರೆ ಯಾವ ಕೋರ್ಸನ್ನೂ ಓದುತ್ತಿಲ್ಲ ಅಂತ ಮತ್ತೊಂದು. ಹಾಜರಾತಿ 70 ಪರ್ಸೆಂಟ್‌ಗಿಂತ ಕಡಿಮೆಯಾದರೆ ಪರೀಕ್ಷೆಗೆ ಕೂರಿಸದಿದ್ದರೂ ತಕರಾರಿಲ್ಲ ಅಂತಲೂ ಇದೆ. "ಸುಮ್ನೆ ಸಹಿ ಹಾಕಿ ಮೇಡಂ, ಯಾರು ನೋಡ್ತಾರೆ" ಅಂದರು ಕೌಂಟರಿನಲ್ಲಿದ್ದವರು. ನನಗೆ ಸಹಿ ಹಾಕಲು ಕೈ ಬರುತ್ತಿಲ್ಲ. ಕೆಲಸವಂತೂ ಇದ್ದೇ ಇದೆ. ಮೈಸೂರಿನ ಮುಕ್ತ ವಿವಿಯಲ್ಲಿ ಎಂ.ಕಾಂ. ಎರಡನೇ ವರ್ಷ ಕೂಡ ನಡೀತಿದೆ.

ಇನ್ನೊಂದು ಭಯ ಇಂಗ್ಲಿಷಿನದು. ಪಿಯುಸಿವರೆಗೂ ಕನ್ನಡ ಮಾಧ್ಯಮ. ನೋಟಿಸ್ ಓದಿದರೆ ಅರ್ಥವಾಗುತ್ತದೆ, ಆದರೆ ಮೂರು ಗಂಟೆ ಕೂತು ಇಂಗ್ಲಿಷಿನಲ್ಲಿ ಬರೆ ಅಂದರೆ ಕಷ್ಟ. ಅನುಭವ ಇದ್ದವರು ಹೇಳ್ರಿ.

ಬಿಸಿಲುಕುದುರೆ:

ಇಷ್ಟೆಲ್ಲಾ ತಲೆಬಿಸಿ ಯಾಕೆ ಮೇಡಂ. ನನ್ನ ಗೆಳೆಯ ಕಾಲೇಜಿನ ಮುಖ ನೋಡಿದ್ದೇ ಪರೀಕ್ಷೆಗೆ. ಈಗ ಕರಿಕೋಟು ಹಾಕಿಕೊಂಡು ಓಡಾಡುತ್ತಿದ್ದಾನೆ. ಫೀಸ್ ಕಟ್ಟಿದರೆ ಹಾಜರಾತಿ ತಾನಾಗೇ ಬರುತ್ತದೆ.

ಕೋರ್ಟ್ ಸರ್ಕಲ್:

ಮೇಲಿನವರ ಗೆಳೆಯ ಯಾವ ಕಾಲದಲ್ಲಿ ಓದಿದರೋ ಗೊತ್ತಿಲ್ಲ. ಅದನ್ನು ನಂಬಿ ಹೊರಡಬೇಡಿ. ನಾನೂ ಇದೇ ವಿವಿಯ ಕೆಳಗಿನ ಕಾಲೇಜಿನಲ್ಲಿ, ಕನ್ನಡದಲ್ಲೇ ಪರೀಕ್ಷೆ ಬರೆದು ಪಾಸಾದವನು. ಈಗ ಹುಬ್ಬಳ್ಳಿ, ಧಾರವಾಡ ಎರಡೂ ಕಡೆ ಪ್ರಾಕ್ಟೀಸ್ ಮಾಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲು ಆ ಮುಚ್ಚಳಿಕೆ. ಅದು ಕಾಲೇಜಿನವರು ಸುಮ್ನೆ ಹುಟ್ಟಿಸಿದ್ದಲ್ಲ. 2024ರ ಸೆಪ್ಟೆಂಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ದೇಶದ ಎಲ್ಲ ಕಾನೂನು ಕಾಲೇಜುಗಳಿಗೂ ಸುತ್ತೋಲೆ ಕಳಿಸಿತು. ಕ್ರಿಮಿನಲ್ ಕೇಸ್, ನೌಕರಿ, ಬೇರೆ ಕೋರ್ಸ್ ಈ ಮೂರರ ಬಗ್ಗೆಯೂ ವಿದ್ಯಾರ್ಥಿಯಿಂದ ಬರೆಸಿಕೊಳ್ಳಬೇಕು, ಹಾಜರಾತಿಗೆ ಬಯೋಮೆಟ್ರಿಕ್ ಇಡಬೇಕು, ತರಗತಿಯಲ್ಲಿ ಸಿಸಿಟಿವಿ ಇರಬೇಕು ಅಂತ. ಕೌಂಟರಿನವರು ನೋಡದಿದ್ದರೂ ಕಾಗದ ಫೈಲಿನಲ್ಲಿ ಇರುತ್ತದೆ. ನಾಳೆ ವಕೀಲಿಕೆ ಮಾಡಲು ಬೇಕಾದ ಸನ್ನದು ಪಡೆಯಲು ಬೆಂಗಳೂರಿಗೆ ಅರ್ಜಿ ಹಾಕಿದಾಗ ಯಾರೋ ಆಗದವರು ಅದನ್ನೇ ತೆಗೆದು ತಕರಾರು ಹಾಕಿದರೆ? ಈ ಊರಿನಲ್ಲಿ ಆಗದವರಿಗೇನು ಬರವೇ.

ಆ ಸಾಲನ್ನು ಸರಿಯಾಗಿ ಓದಿದರೆ ದಾರಿ ಅದರಲ್ಲೇ ಇದೆ. ನೌಕರಿ ಇದ್ದರೆ ಒಪ್ಪಿಗೆ ಪತ್ರ ಕೊಡಿ ಅಂತಿದೆ, ಅಲ್ವಾ? ನಿಮ್ಮ ಆಡಿಟರ ಹತ್ತಿರ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. "ನಮ್ಮ ಅಭ್ಯಂತರ ಇಲ್ಲ" ಅಂತ ಒಂದೇ ಸಾಲು ಬರೆದರೆ ಸಾಲದು. ಇಂಥ ಗಂಟೆಯಿಂದ ಇಂಥ ಗಂಟೆವರೆಗೆ ಕೆಲಸ, ಕಾಲೇಜಿನ ಸಮಯಕ್ಕೆ ಅಡ್ಡಿ ಬರುವುದಿಲ್ಲ ಅಂತ ಸಮಯ ಹಾಕಿಸಿ. ಆ ಸಮಯ ನಿಜವೂ ಆಗಿರಬೇಕು.

ಎಂ.ಕಾಂ. ವಿಷಯಕ್ಕೆ ಅಷ್ಟು ಹೆದರಬೇಡಿ. 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ 6ನೇ ನಿಯಮ ಓದಿ. ಎಲ್‌ಎಲ್‌ಬಿ ಜೊತೆ ಇನ್ನೊಂದು ಕೋರ್ಸ್ ಕೂಡದು ಅನ್ನುತ್ತದೆ, ಆದರೆ ದೂರಶಿಕ್ಷಣ ಕೇಂದ್ರದ ಕೋರ್ಸಿಗೆ ವಿನಾಯಿತಿ ಕೊಟ್ಟಿದೆ. ಆದರೂ ಮುಚ್ಚಿಡಬೇಡಿ. "ದೂರಶಿಕ್ಷಣದಲ್ಲಿ ಎಂ.ಕಾಂ. ಓದುತ್ತಿದ್ದೇನೆ" ಅಂತ ಅದೇ ಹಾಳೆಯಲ್ಲಿ ಬರೆದು, ಪ್ರಾಂಶುಪಾಲರಿಗೂ ಒಂದು ಪತ್ರ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಎರಡೂ ಕಡೆ ಪರೀಕ್ಷೆ ಒಂದೇ ದಿನ ಬಿದ್ದರೆ ಮಾತ್ರ ಯಾರೂ ಏನೂ ಮಾಡಲಾರರು.

ಇನ್ನು ಹಾಜರಾತಿ. ಇಲ್ಲೇ ಜಾಸ್ತಿ ಜನ ಎಡವುವುದು. 70 ಪರ್ಸೆಂಟ್ ಅಂದರೆ ಎಲ್ಲಾ ಸೇರಿಸಿ ಅಂತ ತಿಳಿದಿರುತ್ತಾರೆ. ಅಲ್ಲ, ಪ್ರತಿ ವಿಷಯಕ್ಕೂ ಬೇರೆ ಬೇರೆ ಲೆಕ್ಕ. ಒಂದು ವಿಷಯಕ್ಕೆ ವಾರಕ್ಕೆ ನಾಲ್ಕು ತರಗತಿ, 15 ವಾರ ಅಂತ ಹಿಡಿಯಿರಿ. ಒಟ್ಟು 60. ನೀವು 42ಕ್ಕೆ ಕೂತಿರಬೇಕು. ಪ್ರಾಂಶುಪಾಲರು ಬಲವಾದ ಕಾರಣ ನೋಡಿ 65 ಪರ್ಸೆಂಟ್‌ವರೆಗೆ ಮಾಫಿ ಮಾಡಬಹುದು, ಅಂದರೆ 39. ಅವರ ಕೈಯಲ್ಲಿರುವುದು ಬರೀ ಮೂರು ತರಗತಿ. ಅದೂ ಎಲ್ಲ ವಿಷಯ ಸೇರಿಸಿ 70 ಮುಟ್ಟಿದ್ದರೆ ಮಾತ್ರ.

ಈಗ ನಿಮ್ಮ 11 ಮತ್ತು 20ನೇ ತಾರೀಖು ತಗೊಳ್ಳಿ. ಮೂರೂವರೆ ತಿಂಗಳಿನಲ್ಲಿ ಏಳು ಸಲ. ಸಲಕ್ಕೆ ಎರಡು ದಿನ ಕಾಲೇಜು ತಪ್ಪಿದರೆ 14. ಆ ದಿನಗಳಲ್ಲೆಲ್ಲಾ ಅದೇ ವಿಷಯದ ತರಗತಿ ಬಿತ್ತು ಅನ್ನಿ. ನಿಮಗೆ ತಪ್ಪಿಸಲು ಇದ್ದದ್ದೇ 18, ಉಳಿದದ್ದು ನಾಲ್ಕು. ಜ್ವರ, ತಂಗಿಯ ಮದುವೆ, ಬಸ್ ಮುಷ್ಕರ ಎಲ್ಲಾ ಆ ನಾಲ್ಕರಲ್ಲೇ ಹೊಂದಬೇಕು. ಮೂಟ್ ಕೋರ್ಟ್ ಅಂದರೆ ವಾದ ಕಲಿಸುವ ಅಣಕು ನ್ಯಾಯಾಲಯ, ಟ್ಯುಟೋರಿಯಲ್ ಕೂಡ ಇದೇ ಲೆಕ್ಕಕ್ಕೆ ಬರುತ್ತವೆ.

ಹಾಗಾಗಿ ಅರ್ಜಿ ತುಂಬುವ ಮುಂಚೆ ಕಾಲೇಜಿನ ವೇಳಾಪಟ್ಟಿ ಕೇಳಿ. ವಾರಕ್ಕೆ ಕನಿಷ್ಠ 30 ಗಂಟೆ ನಡೆಸಬೇಕು ಅಂತ ನಿಯಮ ಇದೆ. ವಾರಕ್ಕೆ ಆರು ದಿನ ಅಂದರೂ ದಿನಕ್ಕೆ ಐದು ಗಂಟೆ. ಹತ್ತರಿಂದ ಆರರ ಕೆಲಸ ಇಟ್ಟುಕೊಂಡು ಇದು ಆಗದ ಮಾತು. ಬೆಳಗ್ಗೆ ಎಂಟಕ್ಕೆ ಶುರುವಾಗಿ ಮಧ್ಯಾಹ್ನಕ್ಕೆ ಮುಗಿಯುವ ಕಡೆ ಸೀಟು ಸಿಕ್ಕರೆ, ನೀವು ಆಫೀಸಿಗೆ ಎರಡು ಗಂಟೆ ಮೇಲೆ ಹೋಗುವಂತೆ ಮಾತಾಡಿಕೊಳ್ಳಬಹುದು. ಸಂಬಳ ಕಡಿಮೆಯಾಗುತ್ತದೆ, ಅದನ್ನು ಮನೆಯಲ್ಲಿ ಈಗಲೇ ಹೇಳಿಬಿಡಿ. ಬಸ್ ಖರ್ಚು ಹೇಗೂ ಶಕ್ತಿ ಯೋಜನೆಯಲ್ಲಿ ಉಳಿಯಿತು.

ವಯಸ್ಸಿನ ಚಿಂತೆ ಬಿಡಿ. 30ರ ಮಿತಿಗೆ ಸುಪ್ರೀಂ ಕೋರ್ಟ್ 2017ರಲ್ಲೇ ತಡೆ ಕೊಟ್ಟಿದೆ. ನಮ್ಮ ತರಗತಿಯಲ್ಲಿ ನಿವೃತ್ತ ಹೆಡ್ ಕಾನ್‌ಸ್ಟೆಬಲ್ ಒಬ್ಬರಿದ್ದರು. ಅಪರಾಧ ಪ್ರಕ್ರಿಯೆಯ ತರಗತಿಯಲ್ಲಿ ಮೇಷ್ಟ್ರೇ ಅವರ ಮುಖ ನೋಡುತ್ತಿದ್ದರು, ಪಂಚನಾಮೆ ಹೇಗೆ ಬರೆಯುತ್ತಾರೆ ಹೇಳ್ರಿ ಅಂತ.

ಒಂದು ಮರೆತಿದ್ದೆ. ಅಂಕಪಟ್ಟಿಗಳ ಮೂಲ ಪ್ರತಿ ಕಾಲೇಜಿನಲ್ಲಿ ಬಿಟ್ಟು ಬರಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು, ವಾಪಸ್ ತಗೊಳ್ಳಿ. ಕಾಲೇಜುಗಳು ಮೂಲ ದಾಖಲೆ ಹಿಡಿದಿಟ್ಟುಕೊಳ್ಳುವಂತಿಲ್ಲ ಅಂತ ಯುಜಿಸಿ 2018ರಲ್ಲೇ ಹೇಳಿದೆ.

ಎರಡನೇ ವರ್ಷದವಳು:

ಅಕ್ಕಾ, ಕನ್ನಡದ ಬಗ್ಗೆ ನಾನು ಹೇಳುತ್ತೇನೆ. ಪ್ರಶ್ನೆಪತ್ರಿಕೆ ಎರಡೂ ಭಾಷೆಯಲ್ಲಿ ಇರುತ್ತದೆ. ಮೇಲ್ಗಡೆ ಸೂಚನೆಯಲ್ಲೇ ಬರೆದಿರುತ್ತಾರೆ, ಉತ್ತರ ಪೂರ್ತಿ ಇಂಗ್ಲಿಷಿನಲ್ಲಿ ಅಥವಾ ಪೂರ್ತಿ ಕನ್ನಡದಲ್ಲಿ ಇರಬೇಕು ಅಂತ. ಮೊದಲ ಎರಡು ಪ್ರಶ್ನೆ ಇಂಗ್ಲಿಷಿನಲ್ಲಿ ಬರೆದು, ಸುಸ್ತಾಗಿ ಕನ್ನಡಕ್ಕೆ ಇಳಿಯುವ ಹಾಗಿಲ್ಲ. ಯಾವುದು ಅಂತ ಮೊದಲೇ ತೀರ್ಮಾನ ಮಾಡ್ಕೊಳ್ಳಿ.

ಪೇಪರು 80 ಅಂಕಕ್ಕೆ, ಉಳಿದ 20 ಆಂತರಿಕ ಅಂಕ. ಐದು ಘಟಕ ಇರುತ್ತವೆ. ಪ್ರತಿ ಘಟಕಕ್ಕೆ 10 ಅಂಕದ ದೊಡ್ಡ ಪ್ರಶ್ನೆ ಒಂದು, 6 ಅಂಕದ ಟಿಪ್ಪಣಿ ಇಲ್ಲಾ ಸಮಸ್ಯೆ ಒಂದು. ಎಲ್ಲದರಲ್ಲೂ "ಅಥವಾ" ಇದೆ, ಆದರೆ ಘಟಕ ಬಿಡುವ ಹಾಗಿಲ್ಲ. ನಮ್ಮ ಹುಡುಗರು ಮೂರು ಘಟಕ ಗಟ್ಟಿ ಮಾಡಿಕೊಂಡು ಹೋಗಿ ನಾಲ್ಕನೆಯದಕ್ಕೆ ಕಥೆ ಬರೆಯುತ್ತಾರೆ. ಸಮಸ್ಯೆ ಬಿಡಿಸಲು ಜನ ಹೆದರುತ್ತಾರೆ. ನನಗೆ ಅದೇ ಸುಲಭ ಅನ್ನಿಸುತ್ತದೆ. ಯಾರು ಯಾರಿಗೆ ಏನು ಮಾಡಿದರು, ಯಾವ ಕಲಂ, ಕೊನೆಗೆ ಏನಾಗುತ್ತದೆ ಅಂತ ಬರೆದರೆ ಅಂಕ ಬರುತ್ತದೆ. ನೋಟಿಸಿಗೆ ಉತ್ತರ ಬರೆದು ರೂಢಿ ಇರುವ ನಿಮಗಂತೂ ಇದು ನೀರು ಕುಡಿದ ಹಾಗೆ.

ಪುಸ್ತಕ ತಗೊಳ್ಳುವಾಗ ಹುಷಾರು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 511 ಕಲಂ ಇದ್ದದ್ದು 358 ಆಗಿದೆ. ಕೊಲೆಗೆ 302 ಅಂತ ಬಾಯಿಪಾಠ ಇದ್ದದ್ದು ಈಗ 103, ಮೋಸಕ್ಕೆ 420 ಇದ್ದದ್ದು 318. ಸೀನಿಯರ್‌ಗಳು ಅರ್ಧ ಬೆಲೆಗೆ ಕೊಡ್ತೀವಿ ಅಂತ ಹಿಂದೆ ಬೀಳುವ ಹಳೇ ಕ್ರಿಮಿನಲ್ ಪುಸ್ತಕಗಳೆಲ್ಲಾ ಆ ಐಪಿಸಿ ಕಾಲದವೇ. ಸಂವಿಧಾನ, ಕರಾರು ಕಾಯ್ದೆ ಬೇಕಾದರೆ ಹಳೆಯದು ತಗೊಳ್ಳಿ. ಕಾಯ್ದೆ ಮಾತ್ರ ದ್ವಿಭಾಷಾ ಪ್ರತಿ ಇಟ್ಟುಕೊಳ್ಳಿ, ಕನ್ನಡದಲ್ಲಿ ಬರೆದರೂ ಕಲಂನ ಇಂಗ್ಲಿಷ್ ಮಾತು ಕಣ್ಣಿಗೆ ಬಿದ್ದಿರಬೇಕು.

ಇನ್ನೊಂದು, ಯಾರೂ ಮೊದಲೇ ಹೇಳುವುದಿಲ್ಲ. ಮೂರು ವರ್ಷದಲ್ಲಿ ಒಟ್ಟು 12 ವಾರ ಇಂಟರ್ನ್‌ಶಿಪ್ ಆಗಬೇಕು. ಮೂರು ಮೂಟ್ ಕೋರ್ಟ್, ಎರಡು ಕೇಸಿನ ವಿಚಾರಣೆ ನೋಡಿ ದಾಖಲು ಪುಸ್ತಕ ಬರೆಯುವುದು ಬೇರೆ. ಅದಕ್ಕೂ ರಜೆ ಎತ್ತಿಡಿ.

ಮಲಪ್ರಭಾ:

ತುಂಬಾ ಉಪಕಾರ ಆಯಿತು. ನಿನ್ನೆ ಆಡಿಟರ ಹತ್ತಿರ ಮಾತಾಡಿದೆ. ಮೊದಲು ಮುಖ ಗಂಟು ಹಾಕಿದರು. ಆಮೇಲೆ ಮಧ್ಯಾಹ್ನ ಎರಡರಿಂದ ರಾತ್ರಿ ಎಂಟರವರೆಗೆ ಬಾ, ರಿಟರ್ನ್ ತಡವಾಗಬಾರದು ಅಷ್ಟೇ ಅಂದರು. ನವಲಗುಂದಕ್ಕೆ ಆ ಹೊತ್ತಿನಲ್ಲಿ ವಾಪಸಾಗುವುದು ಕಷ್ಟ, ಹುಬ್ಬಳ್ಳಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಇರುವ ಮಾತು ನಡೀತಿದೆ.

ಒಂದು ಅನುಮಾನ. ಹಾಜರಾತಿ ಕಡಿಮೆ ಅಂತ ಕಾನೂನು ವಿದ್ಯಾರ್ಥಿಗಳನ್ನು ಪರೀಕ್ಷೆಯಿಂದ ಹೊರಗಿಡಬಾರದು ಅಂತ ದೆಹಲಿ ಹೈಕೋರ್ಟ್ ಹೇಳಿದೆಯಂತೆ? ಆಫೀಸಿನ ಹುಡುಗನೊಬ್ಬ ತೋರಿಸಿದ. ಹಾಗಿದ್ದರೆ ಈ 42, 39ರ ಲೆಕ್ಕವೆಲ್ಲಾ ಬೇಕಾ?

ಬಿಸಿಲುಕುದುರೆ:

ನಾನು ಮೊದಲೇ ಹೇಳಿದ್ದೆ 😄

ಕೋರ್ಟ್ ಸರ್ಕಲ್:

ತೀರ್ಪು ನಿಜ. 2025ರ ನವೆಂಬರಿನಲ್ಲಿ ಬಂತು. 2016ರಲ್ಲಿ ಹಾಜರಾತಿ ಸಾಲದೆ ಪರೀಕ್ಷೆ ತಪ್ಪಿದ ವಿದ್ಯಾರ್ಥಿಯೊಬ್ಬ ಜೀವ ಕಳಕೊಂಡ ಪ್ರಕರಣದಿಂದ ಶುರುವಾದದ್ದು. ಹಾಜರಾತಿ ನಿಯಮವನ್ನು ಮತ್ತೆ ಯೋಚಿಸಿ ಅಂತ ವಕೀಲರ ಪರಿಷತ್ತಿಗೂ ಹೇಳಿದೆ. ನನ್ನ ಕೇಳಿದರೆ ಒಳ್ಳೆಯ ತೀರ್ಪು. ಹೊಲದ ಕೆಲಸ ಮಾಡಿಕೊಂಡು, ಅಂಗಡಿ ನೋಡಿಕೊಂಡು ಓದುವ ಮಕ್ಕಳು ನಮ್ಮ ಕಡೆ ಎಷ್ಟಿಲ್ಲ.

ಆದರೆ ಅದನ್ನು ಜೇಬಿನಲ್ಲಿಟ್ಟುಕೊಂಡು ಆಫೀಸಿನಲ್ಲಿ ಕೂರಬೇಡಿ. ದೆಹಲಿಯ ತೀರ್ಪನ್ನು ನಮ್ಮ ಹೈಕೋರ್ಟಿನ ಧಾರವಾಡ ಪೀಠ ಗೌರವದಿಂದ ಓದಬಹುದು, ಒಪ್ಪಲೇಬೇಕು ಅಂತಿಲ್ಲ. ಕಾಲೇಜು ನಿಮ್ಮ ಹಾಲ್ ಟಿಕೆಟ್ ತಡೆದರೆ ನೀವು ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕು. ಪರೀಕ್ಷೆಗೆ ನಾಲ್ಕು ದಿನ ಇರುವಾಗ ವಕೀಲರನ್ನು ಹಿಡಿದು, ಫೀಸು ಕೊಟ್ಟು, ಮಧ್ಯಂತರ ಆದೇಶ ತಂದು, ಅದರ ಪ್ರತಿ ಕಾಲೇಜಿಗೆ ಮುಟ್ಟಿಸಿ, ಆಮೇಲೆ ಕರಾರು ಕಾಯ್ದೆ ಓದಲು ಕೂರುವುದು. ಇಂಥ ರಿಟ್ ಬರೆದುಕೊಡುವವನು ನಾನೇ ಹೇಳುತ್ತಿದ್ದೇನೆ, ಅದಕ್ಕಿಂತ 42 ತರಗತಿಗೆ ಕೂರುವುದು ಅಗ್ಗ.

ಬದಲಿಗೆ ಹೀಗೆ ಮಾಡಿ. ಪ್ರತಿ ತಿಂಗಳ ಕೊನೆಗೆ ನಿಮ್ಮ ಹಾಜರಾತಿ ಎಷ್ಟಾಗಿದೆ ಅಂತ ಆಫೀಸಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಬೆರಳು ಒತ್ತಿದರೂ ಯಂತ್ರ ತಗೊಳ್ಳದ ದಿನ ಇರುತ್ತದೆ. ಆವತ್ತೇ ಮೇಷ್ಟ್ರ ಸಹಿ ಹಾಕಿಸಿಕೊಂಡು ಬನ್ನಿ, ಸೆಮಿಸ್ಟರ್ ಕೊನೆಗೆ ಅವರಿಗೂ ನೆನಪಿರುವುದಿಲ್ಲ.

ನಿಮ್ಮ ಬಿ.ಕಾಂ. ಕರ್ನಾಟಕ ವಿವಿಯದಾ? ಹಾಗಿದ್ದರೆ ಅಲ್ಲಿಂದ ಮೈಗ್ರೇಷನ್ ಸರ್ಟಿಫಿಕೇಟ್ ಬೇಕಾಗುತ್ತದೆ, ಕಾನೂನು ವಿವಿ ಬೇರೆ ವಿವಿ ಲೆಕ್ಕ. ಮುಕ್ತ ವಿವಿಯ ಎಂ.ಕಾಂ. ಸೇರುವಾಗ ಆ ಮೂಲ ಪ್ರತಿ ಮೈಸೂರಿಗೆ ಕೊಟ್ಟಿದ್ದೀರಾ ಅಂತ ಮೊದಲು ಮನೆಯಲ್ಲಿ ಫೈಲ್ ತೆಗೆದು ನೋಡಿ. ಕೊಟ್ಟಿದ್ದರೆ ಅರ್ಜಿಯ ಕೊನೇ ದಿನದವರೆಗೆ ಕಾಯದೆ ಈ ವಾರವೇ ಕಾಲೇಜಿನಲ್ಲಿ ವಿಚಾರಿಸಿ.

ಮಲಪ್ರಭಾ:

ಕೊಟ್ಟಿದ್ದೇನೆ ಸರ್. ನಾಳೆ ಬೆಳಗ್ಗೆ ಮೊದಲ ಬಸ್ಸಿಗೇ ಬಂದು ಕಾಲೇಜಿಗೆ ಹೋಗುತ್ತೇನೆ. ನಾಡಿದ್ದು 20.