ಪ್ರವಾಸಕ್ಕೆ ಮಕ್ಕಳ ಕಾರ್ ಸೀಟ್ ಕೊಂಡೊಯ್ಯಬೇಕೇ? ಡೆಹ್ರಾಡೂನ್, ಮಸ್ಸೂರಿಗೆ ಹೊರಟಿದ್ದೇವೆ

ಪ್ರಶ್ನೆ: ಜಯನಗರದ ತಾಯಿ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರದಲ್ಲಿ ನಾನು, ನನ್ನ ಪತಿ, ಅತ್ತೆ, ಮಾವ ಮತ್ತು ಇಬ್ಬರು ಮಕ್ಕಳು ಬೆಂಗಳೂರಿನಿಂದ ಡೆಹ್ರಾಡೂನಿಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಬಾಡಿಗೆ ಕಾರಿನಲ್ಲಿ ಮಸ್ಸೂರಿಯನ್ನೂ ಹೃಷಿಕೇಶವನ್ನೂ ನೋಡಿಕೊಂಡು ಬರುವುದೆಂದು ನಿಶ್ಚಯಿಸಿದ್ದೇವೆ. ಮಗಳಿಗೆ 16 ತಿಂಗಳು, ತೂಕ 10 ಕಿಲೋ. ಮಗನಿಗೆ ನಾಲ್ಕೂವರೆ ವರ್ಷ, ತೂಕ 17 ಕಿಲೋ. ಬೆಂಗಳೂರಿನಲ್ಲಿ ನಮ್ಮ ಕಾರಿನಲ್ಲಿ ಮಗಳನ್ನು ಹಿಮ್ಮುಖವಾಗಿ ಕೂರಿಸುವ ಸೀಟಿನಲ್ಲೂ, ಮಗನನ್ನು ಬೆನ್ನಿನ ಆಸರೆ ಇರುವ ಬೂಸ್ಟರಿನಲ್ಲೂ (ಕಾರಿನ ಬೆಲ್ಟು ಸರಿಯಾಗಿ ಬರುವಂತೆ ಮಗುವನ್ನು ಎತ್ತರಿಸುವ ಸೀಟು) ಕೂರಿಸುವ ಅಭ್ಯಾಸವನ್ನು ತಪ್ಪದೆ ಪಾಲಿಸಿಕೊಂಡು ಬಂದಿದ್ದೇವೆ.

ಈಗ ಮನೆಯಲ್ಲಿ ಎದ್ದಿರುವ ಪ್ರಶ್ನೆಯೆಂದರೆ, ಇವೆರಡನ್ನೂ ಅಷ್ಟು ದೂರ ಹೊತ್ತುಕೊಂಡು ಹೋಗಬೇಕೇ ಎಂಬುದು. ನಾಲ್ಕು ದಿನದ ಮಾತಿಗೆ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡರೆ ಸಾಕು, ಅಷ್ಟೊಂದು ಲಗೇಜು ಏಕೆ ಎಂದು ಅತ್ತೆಯವರು ಕೇಳುತ್ತಾರೆ. ಅವರ ಮಾತಿನಲ್ಲಿ ಕಾಳಜಿಯೇ ಇದೆ, ಹಟವಿಲ್ಲ. ಆದರೆ ಪ್ರತಿದಿನ ನಾಲ್ಕನೇ ಬ್ಲಾಕಿನಿಂದ ಬನಶಂಕರಿಗೆ ಹೋಗುವಾಗ ಬೆಲ್ಟು ಬಿಗಿಯುವ ನಾವು, ಪರಿಚಯವಿಲ್ಲದ ಘಾಟಿಯಲ್ಲಿ, ಪರಿಚಯವಿಲ್ಲದ ಚಾಲಕರ ಕಾರಿನಲ್ಲಿ ಅದನ್ನು ಬಿಟ್ಟುಬಿಡುವುದು ನನಗೆ ಸರಿಕಾಣುತ್ತಿಲ್ಲ. ವಿಮಾನದಲ್ಲಿ ಸೀಟನ್ನು ಹೇಗೆ ಸಾಗಿಸಬೇಕು, ಟ್ಯಾಕ್ಸಿಯವರಿಗೆ ಮೊದಲೇ ಏನು ಹೇಳಬೇಕು, ಆರು ಜನ ಕೂರುವ ಕಾರಿನಲ್ಲಿ ಯಾವ ಸೀಟು ಎಲ್ಲಿರಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಮಲ್ಲೇಶ್ವರದ ತಂದೆ

ಕೊಂಡೊಯ್ಯಿರಿ. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ.

ಮಡಿಲಿನ ವಿಷಯವನ್ನು ಮನೆಯಲ್ಲಿ ಹೇಳುವುದಕ್ಕೆ ಒಂದು ಸರಳ ಲೆಕ್ಕವಿದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಕಾರು ಏನಕ್ಕಾದರೂ ಬಡಿದು, ಒಳಗಿರುವವರ ದೇಹ ಅರ್ಧ ಮೀಟರಿನಷ್ಟು ದೂರದಲ್ಲಿ ನಿಂತಿತೆಂದರೆ, ಆ ದೇಹದ ಮೇಲೆ ಬೀಳುವ ಬಲ ಅದರ ತೂಕದ ಸುಮಾರು 20 ಪಟ್ಟು ಆಗುತ್ತದೆ. 10 ಕಿಲೋ ತೂಗುವ ನಿಮ್ಮ ಮಗಳನ್ನು ಆ ಕ್ಷಣ ಹಿಡಿದಿಡಬೇಕಾದರೆ 200 ಕಿಲೋ ಭಾರವನ್ನು ತಡೆಯುವ ತೋಳು ಬೇಕು. ಎಷ್ಟೇ ಗಟ್ಟಿಯಾಗಿ ಅಪ್ಪಿಕೊಂಡಿದ್ದರೂ ಅದು ಯಾವ ಮನುಷ್ಯನಿಂದಲೂ ಆಗದು. ಅದಕ್ಕಿಂತ ಕೆಟ್ಟದ್ದೆಂದರೆ, ಹಿಡಿದುಕೊಂಡವರು ತಾವೇ ಬೆಲ್ಟು ಹಾಕಿರದಿದ್ದರೆ ಅವರ ದೇಹದ ಭಾರವೆಲ್ಲ ಮಗುವಿನ ಮೇಲೆಯೇ ಬಂದು ಬೀಳುತ್ತದೆ. ಕಾನೂನೂ ಇದನ್ನು ಹೇಳುತ್ತದೆ: ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ 194ಬಿ ಕಲಮಿನ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದೆ ವಾಹನ ಓಡಿಸಿದರೆ 1,000 ರೂಪಾಯಿ ದಂಡ.

ಇನ್ನು ಟ್ಯಾಕ್ಸಿಯ ವಿಷಯ. ನಾವು ಕಳೆದ ವರ್ಷ ಬೇರೊಂದು ಊರಿನ ವಿಮಾನ ನಿಲ್ದಾಣದಲ್ಲಿ ಇಳಿದಾಗ, ಮೊದಲೇ ಕಾಯ್ದಿರಿಸಿದ್ದ ಕಾರಿನ ಹಿಂದಿನ ಸೀಟಿಗೆ ಹೊಸ ರೆಕ್ಸಿನ್ ಕವರು ಹೊದಿಸಿದ್ದರು. ಬೆಲ್ಟುಗಳು ಕಣ್ಣಿಗೆ ಕಾಣುತ್ತಿದ್ದವು, ಆದರೆ ಅವನ್ನು ಸಿಕ್ಕಿಸುವ ಬಕಲ್‌ಗಳೆಲ್ಲ ಕವರಿನ ಅಡಿಯಲ್ಲಿ ಸೇರಿಹೋಗಿದ್ದವು. ಬಿಸಿಲಿನಲ್ಲಿ, ಹಸಿದ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಚಾಲಕರೂ ನಾನೂ ಸೇರಿ ಆ ಕವರಿನ ಹೊಲಿಗೆ ಬಿಚ್ಚಿ ಬಕಲ್ ಹೊರಗೆ ತೆಗೆಯುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಪಾಪ, ಅವರು ಬೇಸರಪಡದೆ ನೆರವಾದರು. ಅಂದಿನಿಂದ ನಾನು ಕಾರು ಕಾಯ್ದಿರಿಸುವಾಗ "ಹಿಂದೆ ಬೆಲ್ಟು ಇದೆಯೇ" ಎಂದು ಕೇಳುವುದನ್ನು ಬಿಟ್ಟಿದ್ದೇನೆ, ಏಕೆಂದರೆ ಇದೆ ಎಂದೇ ಎಲ್ಲರೂ ಹೇಳುತ್ತಾರೆ. ಬದಲಿಗೆ ಹಿಂದಿನ ಸೀಟಿನಲ್ಲಿ ಬೆಲ್ಟನ್ನು ಬಕಲ್‌ಗೆ ಸಿಕ್ಕಿಸಿ ಒಂದು ಫೋಟೋ ತೆಗೆದು ಕಳುಹಿಸಿ ಎಂದು ವಾಟ್ಸಾಪ್‌ನಲ್ಲಿ ಕೋರುತ್ತೇನೆ. ಆ ಒಂದು ಫೋಟೋದಲ್ಲಿ ಬೆಲ್ಟು ಸೊಂಟಕ್ಕೆ ಮಾತ್ರ ಬರುವುದೋ ಭುಜದ ಮೇಲೂ ಬರುವುದೋ ಎಂಬುದು ಕೂಡ ಗೊತ್ತಾಗುತ್ತದೆ. ನಿಮ್ಮ ಮಗನ ಬೂಸ್ಟರಿಗೆ ಭುಜದ ಬೆಲ್ಟು ಇರಲೇಬೇಕು. ಸೊಂಟದ ಬೆಲ್ಟು ಮಾತ್ರ ಇರುವ ಜಾಗದಲ್ಲಿ ಬೂಸ್ಟರ್ ಇಡಬಾರದು, ಏಕೆಂದರೆ ಅಪಘಾತದಲ್ಲಿ ಮಗುವಿನ ಮೇಲ್ಭಾಗ ಮುಂದಕ್ಕೆ ಬಾಗಿ ಹೊಟ್ಟೆಯೊಳಗಿನ ಅಂಗಗಳಿಗೂ ತಲೆಗೂ ಪೆಟ್ಟಾಗುತ್ತದೆ.

ಆರು ಜನಕ್ಕೆ ನೀವು ಇನ್ನೋವಾ ತೆಗೆದುಕೊಳ್ಳುವಿರೆಂದು ಭಾವಿಸುತ್ತೇನೆ. ಮಧ್ಯದ ಸಾಲಿನಲ್ಲಿ ಮೂವರು ಕೂರುವ ಎಂಟು ಆಸನದ ಗಾಡಿಯನ್ನೇ ಕೇಳಿ. ಮಗಳ ಸೀಟನ್ನು ಚಾಲಕರ ಹಿಂದೆ, ಅಂದರೆ ಬಲಬದಿಗೆ ಬಿಗಿದುಬಿಡಿ, ಮತ್ತೆ ಅದನ್ನು ಮುಟ್ಟಬೇಡಿ. ಬೂಸ್ಟರನ್ನು ಎಡಬದಿಗೆ ಇಟ್ಟರೆ, ಕೊನೆಯ ಸಾಲಿಗೆ ಹತ್ತಿಳಿಯುವವರಿಗಾಗಿ ಅದನ್ನು ಒಂದೇ ಕೈಯಲ್ಲಿ ಎತ್ತಿ ಪಕ್ಕಕ್ಕಿಡಬಹುದು. ನೀವು ನಡುವೆ ಕೂತರೆ ಇಬ್ಬರೂ ಕೈಗೆಟಕುತ್ತಾರೆ. ಬೂಸ್ಟರಿನಲ್ಲಿ ಮಗು ಇಲ್ಲದಾಗಲೂ ಅದಕ್ಕೆ ಬೆಲ್ಟು ಹಾಕಿಡಿ, ಇಲ್ಲವಾದರೆ ತಟ್ಟನೆ ಬ್ರೇಕು ಹಾಕಿದಾಗ ಅದು ಎಗರಿ ಯಾರಿಗಾದರೂ ಬಡಿಯುತ್ತದೆ.

ಇನ್ನೊಂದು ಕೋರಿಕೆ. ನಿಮ್ಮ ಕಾರಿನಲ್ಲಿ ಐಸೋಫಿಕ್ಸ್ ಕೊಕ್ಕೆಗೆ (ಮಕ್ಕಳ ಸೀಟು ಸಿಕ್ಕಿಸಲು ಕಾರಿನಲ್ಲೇ ಇರುವ ಲೋಹದ ಕೊಂಡಿ) ಸಿಕ್ಕಿಸಿ ಅಭ್ಯಾಸವಾಗಿದ್ದರೆ, ಬಾಡಿಗೆ ಕಾರಿನಲ್ಲಿ ಅದು ಇರದೇ ಹೋಗಬಹುದು. ಮಗಳ ಸೀಟನ್ನು ಬೆಲ್ಟಿನಿಂದ ಕಟ್ಟುವುದಕ್ಕೆ ಅದರ ತಯಾರಕರು ಅನುಮತಿಸಿದ್ದಾರೆಯೇ ಎಂದು ಕೈಪಿಡಿಯಲ್ಲಿ ನೋಡಿ, ಅನುಮತಿ ಇದ್ದರೆ ಈ ಭಾನುವಾರವೇ ಮನೆಯ ಮುಂದೆ ನಾಲ್ಕಾರು ಬಾರಿ ಬೆಲ್ಟಿನಿಂದಲೇ ಕಟ್ಟಿ ಬಿಚ್ಚಿ ರೂಢಿಮಾಡಿಕೊಳ್ಳಿ. ಕಟ್ಟಿದ ಮೇಲೆ ಬೆಲ್ಟು ಹಾದುಹೋಗುವ ಜಾಗದಲ್ಲಿ ಹಿಡಿದು ಅಲುಗಾಡಿಸಿದರೆ ಸೀಟು ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಕದಲಬಾರದು.

ಉತ್ತರ 2: ವೈಟ್‌ಫೀಲ್ಡಿನಿಂದ, ಇಬ್ಬರು ಮಕ್ಕಳ ತಾಯಿ

ವಿಮಾನದ ಭಾಗದ ಬಗ್ಗೆ ನಾನು ಹೇಳುತ್ತೇನೆ. ನಾವು ಅಮೆರಿಕದಲ್ಲಿ ಕೆಲವು ವರ್ಷ ಇದ್ದು ಬಂದವರು, ಸೀಟುಗಳನ್ನು ಹೊತ್ತು ತಿರುಗಿದ್ದು ಸಾಕಷ್ಟಿದೆ.

ಎರಡು ವರ್ಷ ತುಂಬದ ಮಗುವನ್ನು ಮಡಿಲಿನಲ್ಲಿ ಕೂರಿಸಿಕೊಂಡು ಹೋಗಲು ವಿಮಾನದವರು ಬಿಡುತ್ತಾರೆ. ಮಗಳನ್ನು ಅವಳ ಕಾರ್ ಸೀಟಿನಲ್ಲೇ ಕೂರಿಸಬೇಕೆಂದಿದ್ದರೆ ಅವಳಿಗೆ ಪ್ರತ್ಯೇಕ ಟಿಕೆಟು ಕೊಳ್ಳಬೇಕು, ಆ ಸೀಟಿನ ಮೇಲೆ ವಿಮಾನದಲ್ಲಿ ಬಳಸಲು ಅನುಮತಿ ಇದೆಯೆಂಬ ಮುದ್ರೆಯೂ ಇರಬೇಕು. ಅಮೆರಿಕದ ಸೀಟುಗಳಲ್ಲಿ ಇದು ಕೆಂಪು ಅಕ್ಷರದಲ್ಲಿರುತ್ತದೆ. ಅಂಥ ಸೀಟನ್ನು ಸಾಮಾನ್ಯವಾಗಿ ಕಿಟಕಿಯ ಪಕ್ಕದಲ್ಲಿ ಇಡುತ್ತಾರೆ, ಬೇರೆಯವರು ಎದ್ದು ಹೊರಬರಲು ಅಡ್ಡಿಯಾಗಬಾರದೆಂದು. ಮಗನ ಬೂಸ್ಟರನ್ನು ವಿಮಾನದಲ್ಲಿ ಬಳಸುವಂತಿಲ್ಲ. ಮೇಲೆ ಬರೆದಿರುವ ಕಾರಣವೇ ಇಲ್ಲಿಯೂ ಅನ್ವಯಿಸುತ್ತದೆ, ವಿಮಾನದಲ್ಲಿರುವುದು ಸೊಂಟದ ಬೆಲ್ಟು ಮಾತ್ರ. ಅವನು ತನ್ನ ಆಸನದಲ್ಲಿ ಆ ಬೆಲ್ಟು ಹಾಕಿಕೊಂಡು ಕೂತರೆ ಸಾಕು.

ಟಿಕೆಟಿನ ಖರ್ಚು ಬೇಡವೆಂದಾದರೆ ಸೀಟು ಲಗೇಜಿನೊಂದಿಗೆ ಹೋಗಬೇಕು, ಇಲ್ಲಿ ಎಚ್ಚರ ಅಗತ್ಯ. ನಮ್ಮ ಒಂದು ಪ್ರಯಾಣದಲ್ಲಿ ಯಾವ ಹೊದಿಕೆಯೂ ಇಲ್ಲದೆ ಕೌಂಟರಿನಲ್ಲಿ ಒಪ್ಪಿಸಿದ ಸೀಟು, ಇಳಿದ ಮೇಲೆ ಲಗೇಜು ಬರುವ ಬೆಲ್ಟಿನ ಮೇಲೆ ಬಂದಾಗ ಅದರ ಬೆನ್ನಿನ ಪ್ಲಾಸ್ಟಿಕ್ಕಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕಿತ್ತು. ಬಟ್ಟೆಯ ಕವರು ತೆಗೆದು ನೋಡಿದ್ದರಿಂದ ಕಂಡಿತು, ಇಲ್ಲದಿದ್ದರೆ ತಿಳಿಯುತ್ತಲೇ ಇರಲಿಲ್ಲ. ಬಿರುಕು ಬಿಟ್ಟ ಸೀಟನ್ನು ಬಳಸಬಾರದು, ಅಂಟಿಸಿ ಸರಿಮಾಡಿಕೊಳ್ಳುವಂಥದ್ದಲ್ಲ. ಅಂದು ಆ ಊರಿನಲ್ಲಿ ಹೊಸದನ್ನು ಕೊಳ್ಳಬೇಕಾಯಿತು. ಆಮೇಲಿನ ಪ್ರಯಾಣಗಳಲ್ಲಿ ನಾನು ದಪ್ಪನೆಯ ಚೀಲದಲ್ಲಿ ಸೀಟನ್ನಿಟ್ಟು, ಸುತ್ತಲೂ ಮಕ್ಕಳ ಸ್ವೆಟರು, ಹೊದಿಕೆ, ಡೈಪರುಗಳನ್ನು ತುರುಕಿ ಕಳುಹಿಸಿದ್ದೇನೆ. ಮಸ್ಸೂರಿಯ ಚಳಿಗೆ ನೀವು ಹೇಗೂ ಅವನ್ನೆಲ್ಲ ಒಯ್ಯುವಿರಿ. ಸಾಧ್ಯವಾದರೆ ವಿಮಾನದ ಬಾಗಿಲವರೆಗೂ ನೀವೇ ತೆಗೆದುಕೊಂಡು ಹೋಗಿ ಅಲ್ಲಿ ಒಪ್ಪಿಸಿ, ಅದಕ್ಕೆ ಅನುಮತಿ ಉಂಟೇ, ಶುಲ್ಕ ಉಂಟೇ ಎಂಬುದನ್ನು ನಿಮ್ಮ ವಿಮಾನದವರಿಂದ ಇ-ಮೇಲಿನಲ್ಲಿ ಬರೆಸಿಕೊಂಡು ಮುದ್ರಿಸಿಟ್ಟುಕೊಳ್ಳಿ. ಫೋನಿನಲ್ಲಿ ಒಬ್ಬರು ಹೇಳಿದ್ದನ್ನು ದೇವನಹಳ್ಳಿಯ ಕೌಂಟರಿನಲ್ಲಿ ಇನ್ನೊಬ್ಬರು ಒಪ್ಪಬೇಕೆಂದಿಲ್ಲ.

ಊರು ತಲುಪಿದ ಮೇಲೆ ಸೀಟನ್ನು ಬಾಡಿಗೆಗೆ ಪಡೆಯುವುದು ನನಗೆ ಒಪ್ಪಿಗೆಯಿಲ್ಲ. ಸೀಟು ಹಿಂದೆ ಅಪಘಾತಕ್ಕೆ ಸಿಕ್ಕಿತ್ತೇ, ಅವಧಿ ಮುಗಿದಿದೆಯೇ, ಬೆಲ್ಟುಗಳನ್ನು ಯಾವ ರಾಸಾಯನಿಕದಲ್ಲಿ ತೊಳೆದಿದ್ದಾರೆ, ಯಾವುದೂ ನಮಗೆ ಗೊತ್ತಾಗುವುದಿಲ್ಲ.

ಅಮೆರಿಕದಿಂದ ಬಂಧುಗಳು ತಂದುಕೊಟ್ಟ ಸೀಟು ಯಾರ ಬಳಿಯಾದರೂ ಇದ್ದರೆ ಒಂದು ವಿಷಯ ಗಮನಿಸಿ. ಅಲ್ಲಿನ ಕಾರುಗಳ ಹಿಂದಿನ ಬೆಲ್ಟನ್ನು ಪೂರ್ತಿ ಎಳೆದುಬಿಟ್ಟರೆ ಅದು ಬಿಗಿಯಾಗಿ ಲಾಕ್ ಆಗುವ ವ್ಯವಸ್ಥೆ ಸಾಮಾನ್ಯ. ನಮ್ಮಲ್ಲಿನ ಬಹುತೇಕ ಕಾರುಗಳ ಬೆಲ್ಟು ಜೋರಾಗಿ ಜಗ್ಗಿದಾಗ ಮಾತ್ರ ಹಿಡಿದುಕೊಳ್ಳುತ್ತದೆ, ಉಳಿದ ಹೊತ್ತು ಸಡಿಲವೇ. ಆದ್ದರಿಂದ ಸೀಟಿನಲ್ಲೇ ಬೆಲ್ಟು ಹಿಡಿಯುವ ಕ್ಲ್ಯಾಂಪು ಇದೆಯೇ, ಇಲ್ಲದಿದ್ದರೆ ಬೆಲ್ಟು ಸಡಿಲವಾಗದಂತೆ ಹಿಡಿದಿಡಲು ಅದರ ಜೊತೆ ಬಂದಿರುವ ಲೋಹದ ಲಾಕಿಂಗ್ ಕ್ಲಿಪ್ ಎಲ್ಲಿದೆ ಎಂದು ಹುಡುಕಿಟ್ಟುಕೊಳ್ಳಬೇಕು.

ಉತ್ತರ 3: ಮಕ್ಕಳ ವೈದ್ಯೆ, ರಾಜಾಜಿನಗರ

ಮೇಲಿನ ಇಬ್ಬರೂ ಹೇಳಿರುವುದನ್ನು ಒಪ್ಪುತ್ತೇನೆ. ಚಳಿಯ ಊರಿಗೆ ಹೋಗುವವರು ಮರೆಯುವ ಒಂದು ವಿಷಯವನ್ನು ಮಾತ್ರ ಒತ್ತಿ ಹೇಳಬೇಕಿದೆ. ಬೆಂಗಳೂರಿನ ಮಕ್ಕಳಿಗೆ ಉಬ್ಬಿದ ಜಾಕೆಟ್ಟಿನ ಅಭ್ಯಾಸವಿಲ್ಲ, ತಂದೆತಾಯಿಗಳಿಗೂ ಇಲ್ಲ. ಅಂಥ ಜಾಕೆಟ್ಟಿನ ಮೇಲೆ ಸೀಟಿನ ಪಟ್ಟಿಯನ್ನು ಬಿಗಿದರೆ, ಅದು ಬಿಗಿಯಾದಂತೆ ಕಂಡರೂ ಅಪಘಾತದಲ್ಲಿ ಒಳಗಿನ ಗಾಳಿ ತುಂಬಿದ ಪದರ ಚಪ್ಪಟೆಯಾಗಿ ಪಟ್ಟಿ ಸಡಿಲವಾಗುತ್ತದೆ, ಮಗು ಜಾರಿಹೋಗಬಹುದು. ತೆಳುವಾದ ಉಣ್ಣೆಯ ಬಟ್ಟೆ ಹಾಕಿ, ಪಟ್ಟಿ ಬಿಗಿದು, ಅದರ ಮೇಲೆ ಶಾಲನ್ನೋ ಹೊದಿಕೆಯನ್ನೋ ಹೊದಿಸಿ. ಭುಜದ ಬಳಿ ಪಟ್ಟಿಯನ್ನು ಬೆರಳಿನಿಂದ ಚಿವುಟಲು ಬಂದರೆ ಅದು ಇನ್ನೂ ಸಡಿಲವಾಗಿದೆ ಎಂದು ತಿಳಿಯಿರಿ.

ಘಾಟಿಯಲ್ಲಿ ವಾಂತಿಯಾಗುತ್ತದೆಂದು ಮಗಳ ಸೀಟನ್ನು ಮುಂದಕ್ಕೆ ತಿರುಗಿಸಬೇಡಿ. ಈ ವಯಸ್ಸಿನಲ್ಲಿ ದೇಹಕ್ಕೆ ಹೋಲಿಸಿದರೆ ತಲೆ ಭಾರ, ಕತ್ತಿನ ಮೂಳೆ ಇನ್ನೂ ಬಲಿತಿರುವುದಿಲ್ಲ. ಹಿಮ್ಮುಖವಾಗಿ ಕೂತಾಗ ಮುಂಭಾಗದ ಹೊಡೆತ ಬೆನ್ನಿನುದ್ದಕ್ಕೂ ಹಂಚಿಹೋಗುತ್ತದೆ. ಮಕ್ಕಳ ಕಾರ್ ಸೀಟುಗಳಿಗೆ ಸಂಬಂಧಿಸಿದ ಆರ್129 ಎಂಬ ಯುರೋಪಿನ ನಿಯಮ 15 ತಿಂಗಳವರೆಗೆ ಹಿಮ್ಮುಖ ಕಡ್ಡಾಯವೆನ್ನುತ್ತದೆ, ಆದರೆ ಅದು ಕನಿಷ್ಠ ಮಿತಿ. 15 ತುಂಬಿತೆಂದು ತಿರುಗಿಸುವ ಅಗತ್ಯವಿಲ್ಲ, ಸೀಟಿನ ತೂಕ ಮತ್ತು ಎತ್ತರದ ಮಿತಿ ಮುಗಿಯುವವರೆಗೆ ಹಾಗೆಯೇ ಇರಲಿ. ಹೊರಡುವ ಮೊದಲು ಹೊಟ್ಟೆ ಬಿರಿಯುವಷ್ಟು ತಿನ್ನಿಸದಿರಿ, ಹಾಲಿಗಿಂತ ಒಣ ತಿಂಡಿ ಮೇಲು. ಹೆಚ್ಚೆಂದರೆ ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಮಕ್ಕಳನ್ನು ಸೀಟಿನಿಂದ ಹೊರತೆಗೆಯಿರಿ. ಚಲಿಸುವ ಗಾಡಿಯಲ್ಲಿ ಅಳುವ ಮಗುವನ್ನು "ಒಂದೈದು ನಿಮಿಷ" ಎಂದು ಎತ್ತಿಕೊಳ್ಳುವುದು ಎಲ್ಲ ಮನೆಯಲ್ಲೂ ಆಗುತ್ತದೆ. ಆ ಹೊತ್ತಿನಲ್ಲಿ ಗಾಡಿಯನ್ನು ಬದಿಗೆ ನಿಲ್ಲಿಸುವುದೊಂದೇ ದಾರಿ.

ಉತ್ತರ 4: ಬಸವನಗುಡಿಯ ಅಜ್ಜಿ

ನಿಮ್ಮ ಅತ್ತೆಯವರ ವಯಸ್ಸಿನವಳು ನಾನು. ನನ್ನ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡೇ ಧರ್ಮಸ್ಥಳಕ್ಕೂ ಶೃಂಗೇರಿಗೂ ಹೋಗಿಬಂದಿದ್ದೇನೆ, ಆಗ ನಮಗೆ ಬೇರೆ ತಿಳಿದಿರಲಿಲ್ಲ. ಮೊಮ್ಮಗಳನ್ನು ಸೀಟಿಗೆ ಕಟ್ಟಿಹಾಕುವುದನ್ನು ಮೊದಲು ನೋಡಿದಾಗ ಕರುಳು ಚುರುಕ್ ಎಂದಿದ್ದು ನಿಜ. ನನ್ನ ಮನಸ್ಸು ಬದಲಾದದ್ದು ವಾದದಿಂದಲ್ಲ. ಸೊಸೆ ನನಗೆ ಪಟ್ಟಿ ಬಿಗಿಯುವುದನ್ನು ಕಲಿಸಿ, ಪ್ರತಿ ಪ್ರಯಾಣದಲ್ಲೂ ಆ ಕೆಲಸವನ್ನು ನನಗೇ ಬಿಟ್ಟಳು. ಮಗುವನ್ನು ಕೂರಿಸಿ, ಪಟ್ಟಿ ಸರಿಪಡಿಸಿ, ಕೈಗೊಂದು ಬಿಸ್ಕತ್ತು ಕೊಡುವವಳು ನಾನೇ ಆದ ಮೇಲೆ ಅದು ನನ್ನ ಆರೈಕೆಯ ಭಾಗವೇ ಆಯಿತು. ನಿಮ್ಮ ಅತ್ತೆಯವರಿಗೂ ಆ ಕೆಲಸವನ್ನು ಒಪ್ಪಿಸಿ ನೋಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡೂ ಸೀಟುಗಳನ್ನು ಒಯ್ಯುವುದೆಂದು ತೀರ್ಮಾನಿಸಿದ್ದೇವೆ. ಮಗಳ ಸೀಟಿನ ಕೈಪಿಡಿಯಲ್ಲಿ ಬೆಲ್ಟಿನಿಂದ ಕಟ್ಟಲು ಅನುಮತಿ ಇದೆ. ಭಾನುವಾರ ನನ್ನ ಪತಿ ಮೊದಲ ಸಲ ಕಟ್ಟಲು 20 ನಿಮಿಷ ತೆಗೆದುಕೊಂಡರು, ಐದನೆಯ ಸಲಕ್ಕೆ ನಾಲ್ಕು ನಿಮಿಷ ಸಾಕಾಯಿತು. ಮಗನ ಬೂಸ್ಟರಿನ ಬೆನ್ನು ಮತ್ತು ಕೆಳಭಾಗ ಬೇರೆಯಾಗುತ್ತವೆಂದು ಈಗಲೇ ಗೊತ್ತಾದದ್ದು, ದೊಡ್ಡ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಅದು ಹಿಡಿಯಿತು. ಡೆಹ್ರಾಡೂನಿನ ಟ್ಯಾಕ್ಸಿಯವರು ಕಳುಹಿಸಿದ ಮೊದಲ ಫೋಟೋದಲ್ಲಿ ಮಧ್ಯದ ಸಾಲಿನ ಎಡಬದಿಯ ಬಕಲ್ ಕಾಣಲಿಲ್ಲ. ಕೇಳಿದ ಮೇಲೆ ಕವರು ಸರಿಸಿ ತೆಗೆದು ಇನ್ನೊಂದು ಫೋಟೋ ಕಳುಹಿಸಿದ್ದಾರೆ, ಮೂರೂ ಬಕಲ್‌ಗಳಿವೆ. ಅತ್ತೆಯವರು ನಿನ್ನೆ ಸಂಜೆ ಗಾಂಧಿ ಬಜಾರಿಗೆ ಹೋಗುವಾಗ ಮಗಳ ಪಟ್ಟಿಯನ್ನು ತಾವೇ ಹಾಕಿದರು, ಭುಜದ ಬಳಿ ಚಿವುಟಿ ನೋಡಿ ಇನ್ನೊಂದು ಸಲ ಎಳೆದು ಬಿಗಿಮಾಡಿದರು.