ಬಿಗಿಯಾದ ಸ್ಟೇರಿಂಗ್ ಕೇಬಲ್ ತೆಗೆದು ಹೈಡ್ರಾಲಿಕ್ ಹಾಕಿಸಬಹುದೇ?

ಪ್ರಶ್ನೆ (ಸದಾಶಿವಗಡದಿಂದ):
ಮೇಸ್ತ್ರಿಗಳಿಗೆ ನಮಸ್ಕಾರ. ನನ್ನದು 19 ಅಡಿಯ ಫೈಬರ್ ದೋಣಿ, ಹಿಂಬದಿಯಲ್ಲಿ ಹೊರಗೆ ಕೂರಿಸಿದ 60 ಎಚ್‌ಪಿ ಔಟ್‌ಬೋರ್ಡ್ ಇಂಜಿನ್. ಕಾಳಿ ಅಳಿವೆಯಿಂದ ಕೂರ್ಮಗಡದ ಕಡೆಗೆ ಪ್ರವಾಸಿಗರನ್ನು ಕರೆದೊಯ್ಯುತ್ತೇನೆ. ಒಂದು ತಿಂಗಳಿನಿಂದ ಸ್ಟೇರಿಂಗ್ ತಿರುಗಿಸಲು ಎರಡೂ ಕೈಗಳ ಬಲ ಬೇಕಾಗುತ್ತಿದೆ. ವೇಗ ಹೆಚ್ಚಿಸಿದರೆ ದೋಣಿ ಬಲಕ್ಕೆ ಎಳೆಯುತ್ತದೆ. ಕೇಬಲ್ ಬದಲಾಯಿಸಿ ಎರಡೇ ವರ್ಷವಾಗಿದೆ. ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆಳೆದಾಗ ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಸ್ಟೇರಿಂಗ್) ಹಾಕಿಸಿದರೆ ಎರಡೂ ತೊಂದರೆಗಳು ನಿವಾರಣೆಯಾಗುತ್ತವೆಯೇ? ಕೆಲಸವನ್ನು ನಾನೇ ಮಾಡಿಕೊಳ್ಳಬಹುದೇ?

ಉತ್ತರ:
ನಮಸ್ಕಾರ. ಹಾಕಿಸಬಹುದು, ಜನರನ್ನು ಕೂರಿಸಿಕೊಂಡು ಅಳಿವೆ ದಾಟುವ ದೋಣಿಗೆ ಅದು ಒಳ್ಳೆಯದೇ. ಆದರೆ ನಿಮ್ಮ ಎರಡು ತೊಂದರೆಗಳಿಗೆ ಎರಡು ಬೇರೆ ಕಾರಣಗಳಿರುವಂತೆ ಕಾಣುತ್ತದೆ. ಅವನ್ನು ಹುಡುಕದೆ ಹಣ ಹಾಕಬೇಡಿ.

ಮೊದಲು ಸ್ಟೇರಿಂಗ್ ರಾಡನ್ನೂ ಇಂಜಿನ್ನನ್ನೂ ಜೋಡಿಸುವ ಲಿಂಕನ್ನು ಬಿಚ್ಚಿ, ಇಂಜಿನ್ನನ್ನು ಕೈಯಿಂದಲೇ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ಅದು ಸರಾಗವಾಗಿ ತಿರುಗಿದರೆ ಬಿಗಿತವಿರುವುದು ಕೇಬಲ್‌ನಲ್ಲಿ ಅಥವಾ ಅದರ ತುದಿಯ ರಾಡು ಹಾದುಹೋಗುವ ಟಿಲ್ಟ್ ಟ್ಯೂಬಿನಲ್ಲಿ. ಇಂಜಿನ್ನೇ ಬಿಗಿಯಾಗಿದ್ದರೆ ಅದು ತಿರುಗುವ ಸ್ವಿವೆಲ್‌ನಲ್ಲಿ ಗ್ರೀಸ್ ಗಟ್ಟಿಯಾಗಿರುತ್ತದೆ. ಅದನ್ನು ಸರಿಪಡಿಸದೆ ಹೈಡ್ರಾಲಿಕ್ ಹಾಕಿದರೆ ಆ ಭಾರವನ್ನೆಲ್ಲ ಇಂಜಿನ್ನನ್ನು ತಿರುಗಿಸುವ ಸಿಲಿಂಡರಿನ ಸೀಲುಗಳು (ಎಣ್ಣೆ ಸೋರದಂತೆ ತಡೆಯುವ ಬಳೆಗಳು) ಹೊರಬೇಕಾಗುತ್ತದೆ.

ಎರಡೇ ವರ್ಷದಲ್ಲಿ ಕೇಬಲ್ ಹಿಡಿದುಕೊಂಡಿದೆ ಎಂದರೆ ನನ್ನ ಅನುಮಾನ ಟಿಲ್ಟ್ ಟ್ಯೂಬಿನ ಮೇಲೆಯೇ. ಉಪ್ಪುನೀರು ಒಳಗೆ ಸೇರಿ, ಹಳೆಯ ಗ್ರೀಸ್ ಒಣಗಿ ಮೇಣದಂತಾಗಿ, ತುಕ್ಕಿನೊಡನೆ ಬೆರೆತು ರಾಡನ್ನು ಕಚ್ಚಿ ಹಿಡಿಯುತ್ತದೆ. ಹಳೆಯ ಟ್ಯೂಬನ್ನು ಸ್ವಚ್ಛ ಮಾಡದೆ ಹೊಸ ಕೇಬಲ್ ತೂರಿಸಿದರೆ ಅದರ ಆಯುಸ್ಸೂ ಇಷ್ಟೇ. ರಾಡನ್ನು ಹೊರತೆಗೆಯುವಾಗ ಸುತ್ತಿಗೆಯ ಏಟು ಟ್ಯೂಬಿನ ತುದಿಯ ಥ್ರೆಡ್ಡಿಗೆ ಬೀಳದಂತೆ ದಯವಿಟ್ಟು ಎಚ್ಚರ ವಹಿಸಿ, ಏಕೆಂದರೆ ಇಂಜಿನ್ನಿನ ಮುಂಭಾಗದಲ್ಲಿ ಕೂರುವ ಹೈಡ್ರಾಲಿಕ್ ಸಿಲಿಂಡರಿಗೂ ಅದೇ ಟ್ಯೂಬು ಮತ್ತು ಅದೇ ಥ್ರೆಡ್ಡೇ ಆಧಾರ. ಒಳಭಾಗವನ್ನು ದುಂಡು ಬ್ರಷ್‌ನಿಂದ ಉಜ್ಜಿ, ಬಟ್ಟೆ ಎಳೆದಾಗ ಕೆಂಪು ಪುಡಿ ಬಾರದ ತನಕ ಒರೆಸಿ. ಮೆರೈನ್ ಗ್ರೀಸ್ ಹಚ್ಚಿದ ಹೊಸ ರಾಡು ಕೈಯಿಂದ ತಳ್ಳಿದರೆ ಒಳಗೆ ಜಾರಬೇಕು.

ಇನ್ನು ಬಲಕ್ಕೆ ಎಳೆಯುವ ವಿಷಯ. ಪ್ರೊಪೆಲ್ಲರಿನ ಮೇಲ್ಭಾಗದಲ್ಲಿ ಸಣ್ಣ ರೆಕ್ಕೆಯಂಥ ಟ್ರಿಮ್ ಟ್ಯಾಬ್ ಇದ್ದರೆ ಅದರ ಬೋಲ್ಟನ್ನು ಸಡಿಲಿಸಿ, ಹಿಂದಿನ ಅಂಚನ್ನು ಸ್ವಲ್ಪವೇ ಬಲಕ್ಕೆ ಸರಿಸಿ ಬಿಗಿ ಮಾಡಿ, ಓಡಿಸಿ ನೋಡಿ. ಎಳೆಯುವ ದಿಕ್ಕಿಗೇ ಸರಿಸಬೇಕು, ಎದುರು ದಿಕ್ಕಿಗಲ್ಲ. ಹೈಡ್ರಾಲಿಕ್‌ನಲ್ಲಿ ಪಂಪಿನ ವಾಲ್ವುಗಳು ಎಣ್ಣೆಯನ್ನು ತಡೆಹಿಡಿಯುವುದರಿಂದ ಈ ಎಳೆತ ಕೈಗೆ ತಿಳಿಯುವುದಿಲ್ಲ, ಆದರೆ ಎಳೆತ ಅಲ್ಲಿಯೇ ಉಳಿದಿರುತ್ತದೆ.

ಜೋಡಣೆಯನ್ನು ನೀವೇ ಮಾಡಬಹುದು, ಜೊತೆಗೆ ಒಬ್ಬರಿರಲಿ. ಚಕ್ರದ ಹಿಂದೆ ಪಂಪ್, ಇಂಜಿನ್ ಬಳಿ ಸಿಲಿಂಡರ್, ನಡುವೆ ಎರಡು ಹೋಸ್‌ಗಳು, ವ್ಯವಸ್ಥೆ ಇಷ್ಟೇ. ಯಾವುದೇ ರಂಧ್ರ ಕೊರೆಯುವ ಮೊದಲು ಇಂಜಿನ್ನನ್ನು ಪೂರ್ತಿ ಮೇಲೆತ್ತಿ, ಎರಡೂ ಬದಿಗೆ ಕೊನೆಯವರೆಗೆ ತಿರುಗಿಸಿ, ಸಿಲಿಂಡರಾಗಲಿ ಹೋಸ್ ಆಗಲಿ ಎಲ್ಲಿಯೂ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಒಮ್ಮೆ ಬಿಚ್ಚಿದ ನೈಲಾನ್ ಲಾಕ್ ನಟ್ಟನ್ನು ಸ್ಟೇರಿಂಗಿನಲ್ಲಿ ಮತ್ತೆ ಬಳಸಬೇಡಿ.

ತಾಳ್ಮೆ ಬೇಕಾಗುವುದು ಎಣ್ಣೆಯೊಳಗೆ ಸೇರಿದ ಗಾಳಿ ತೆಗೆಯುವಾಗ. ಒಬ್ಬರು ಪಂಪಿನ ಎಣ್ಣೆ ಇಳಿಯದಂತೆ ತುಂಬುತ್ತ ಚಕ್ರವನ್ನು ನಿಧಾನವಾಗಿ ತಿರುಗಿಸಬೇಕು. ಇನ್ನೊಬ್ಬರು ತಯಾರಕರ ಕೈಪಿಡಿಯ ಕ್ರಮದಲ್ಲಿ ಸಿಲಿಂಡರಿನ ಒಂದೊಂದೇ ನಿಪ್ಪಲ್ (ಗಾಳಿ ಬಿಡುವ ಸಣ್ಣ ಬಾಯಿ) ತೆರೆದು, ಪಾರದರ್ಶಕ ನಳಿಕೆಯಲ್ಲಿ ಗುಳ್ಳೆ ನಿಲ್ಲುವವರೆಗೆ ಕಾಯಬೇಕು. ಕೊನೆ ಮುಟ್ಟಿದ ಮೇಲೂ ಚಕ್ರ ಸ್ಪಂಜಿನಂತೆ ಮೆತ್ತಗೆ ಒತ್ತಿಕೊಂಡು ಹೋದರೆ ಗಾಳಿ ಇನ್ನೂ ಉಳಿದಿದೆ ಎಂದರ್ಥ.

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ಬಂದರಿನ ಮೇಸ್ತ್ರಿಗಳಿಗೆ ಬಿಡುವಿರುವುದಿಲ್ಲ. ಆದ್ದರಿಂದ ಸಾಮಾನನ್ನು ಮೇ ತಿಂಗಳಲ್ಲೇ ತರಿಸಿಟ್ಟುಕೊಳ್ಳಿ.

ಪ್ರಶ್ನೆ (ಹೊನ್ನಾವರದಿಂದ):
ಅಣ್ಣ, ನನ್ನ ದೋಣಿಯಲ್ಲಿ ಹೈಡ್ರಾಲಿಕ್ ಇದೆ. ಎಣ್ಣೆ ಕಡಿಮೆಯಾದರೆ ಬ್ರೇಕ್ ಆಯಿಲ್ ಹಾಕಬಹುದೇ? ಇದಕ್ಕೂ ಗ್ರೀಸ್ ಬೇಕೇ?

ಉತ್ತರ:
ಬ್ರೇಕ್ ಆಯಿಲ್ ಖಂಡಿತ ಬೇಡ ತಮ್ಮಾ, ಅದು ಸೀಲುಗಳನ್ನು ಹಾಳುಮಾಡುತ್ತದೆ. ತಯಾರಕರು ಹೇಳಿದ ಸ್ಟೇರಿಂಗ್ ಎಣ್ಣೆಯನ್ನೇ ಹಾಕಿ. ಎಣ್ಣೆ ಕಡಿಮೆಯಾಗಿದ್ದರೆ ಎಲ್ಲಿಂದಲೋ ಸೋರುತ್ತಿದೆ. ಸಿಲಿಂಡರಿನ ರಾಡು ಹೊರಬರುವ ಜಾಗವನ್ನು ಒಣ ಬಟ್ಟೆಯಿಂದ ಒರೆಸಿ, ಚಕ್ರವನ್ನು ಹತ್ತು ಸಲ ಆ ಕೊನೆಯಿಂದ ಈ ಕೊನೆಗೆ ತಿರುಗಿಸಿ, ಎಣ್ಣೆಯ ಹನಿ ಕಟ್ಟುತ್ತದೆಯೇ ಎಂದು ನೋಡಿ. ಟಿಲ್ಟ್ ಟ್ಯೂಬು ಮತ್ತು ಸ್ವಿವೆಲ್‌ಗೆ ಗ್ರೀಸ್ ಈಗಲೂ ಬೇಕು. ಸಮುದ್ರದಿಂದ ಮರಳಿದ ಪ್ರತಿ ಸಂಜೆ ಸಿಲಿಂಡರಿನ ರಾಡಿನ ಮೇಲೆ ಸಿಹಿನೀರು ಸುರಿದು ಒರೆಸಿ, ಏಕೆಂದರೆ ಉಪ್ಪಿನ ಹರಳು ಒಣಗಿ ಅಂಟಿಕೊಂಡರೆ ಮರುದಿನ ಮೊದಲ ತಿರುವಿನಲ್ಲೇ ಅದು ಸೀಲನ್ನು ಗೀರುತ್ತದೆ.